ಮೊಬೈಲ್ ಅಂಗಡಿಯವನ ಹೆಂಡತಿಯ ಹಳೇ ಮೊಬೈಲು

ಹಳೇ ಮೊಬೈಲು ಇಟ್ಟುಕೊಂಡವಳು ನಮ್ಮೂರಲ್ಲಿ ನಾನೊಬ್ಬಳೇ ಏನಲ್ಲ. ಆದರೆ ಮೊಬೈಲ್ ಅಂಗಡಿಯವನ ಹೆಂಡತಿಯಾಗಿ ಹಳೇ ಮೊಬೈಲು ಇಟ್ಟುಕೊಂಡವಳು ಮಾತ್ರ ನಾನೊಬ್ಬಳೇ. ಹೀಗಾಗಿ ಉಳಿದವರಿಗೆ ವರ್ಷಕ್ಕೊಮ್ಮೆ ಆಗುವ ಪೇಚಾಟ ನನಗೆ ವಾರಕ್ಕೆ ಎರಡು ಸಲ ಆಗುತ್ತದೆ. ಒಂದು ಸಂತೆಯ ದಿನ ಖಾಯಂ, ಇನ್ನೊಂದು ಯಾವ ದಿನವಾದರೂ ಸೈ.

ನಾನಿರುವುದು ಸಿಂದಗಿಯಲ್ಲಿ. ಪಿಯು ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ನಮ್ಮನೆಯವರದು ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ. ಏಳು ವರ್ಷದ ಹಿಂದೆ ನನ್ನ ಬಾಕಿ ಸಂಬಳ ಒಮ್ಮೆಲೇ ಕೈಗೆ ಬಂದಾಗ, ಇವರೇ ತಮ್ಮ ಅಂಗಡಿಯ ಗಾಜಿನ ಕಪಾಟಿನಿಂದ ಎಲ್ಲಕ್ಕಿಂತ ಮೇಲಿನ ಅಂಕಣದಲ್ಲಿದ್ದ ಫೋನು ತೆಗೆದು ನನಗೆ ಮಾರಿದರು. ಆಗಿನ ಕಾಲಕ್ಕೆ ಆ ಕಂಪನಿಯ ಕಿರೀಟ ಅದು. ಹೆಂಡತಿ ಅಂತ ರಿಯಾಯಿತಿ ಕೊಡಲಿಲ್ಲ, ಕವರೊಂದು ಪುಕ್ಕಟೆ ಕೊಟ್ಟರು. ಅತ್ತೆ ಆಗ, "ಇಷ್ಟ ರೊಕ್ಕದಾಗ ಎರಡು ಬಂಗಾರದ ಬಳಿ ಬರ್ತಿದ್ದು, ದುಂದು ಮಾಡಿದಿ," ಎಂದು ಒಂದು ತಿಂಗಳು ಮುಖ ಊದಿಸಿಕೊಂಡಿದ್ದರು. ಈಗ ಅದೇ ಅತ್ತೆ, "ಇನ್ನೂ ಅದನ್ನ ಹಿಡ್ಕೊಂಡು ಅಡ್ಡಾಡ್ತಿಯಲ್ಲ, ಬಳಿ ಆಗಿದ್ರ ಸೈತ ಇಷ್ಟೊತ್ತಿಗೆ ಒಮ್ಮೆ ಮುರಿಸಿ ಹೊಸಾ ನಮೂನಿ ಮಾಡಿಸ್ತಿದ್ದೆವು," ಎನ್ನುತ್ತಾರೆ. ಆಗ ನಾನು ದುಂದುಗಾರ್ತಿ, ಈಗ ಜಿಪುಣಿ. ಫೋನು ಮಾತ್ರ ಅದೇ.

ನನ್ನದೇನು ವ್ರತವಲ್ಲ. ಫೋನು ಚೆನ್ನಾಗಿದೆ, ಬಿಡಲು ಕಾರಣ ಸಿಕ್ಕಿಲ್ಲ, ಅಷ್ಟೇ. ಆದರೆ ಇವರ ಸಂಕಟ ಬೇರೆ. ಎರಡು ವರ್ಷದ ಹಿಂದೆ ರಸ್ತೆಯ ಆಚೆ ಬದಿಗೆ ಎಸಿ ಹಾಕಿದ, ಗಾಜಿನ ಬಾಗಿಲಿನ ದೊಡ್ಡ ಮೊಬೈಲ್ ಅಂಗಡಿ ಬಂತು. ಅಂದಿನಿಂದ ನಮ್ಮ ಅಂಗಡಿಯ ವ್ಯಾಪಾರ ಇಳಿಮುಖ. "ಮಂದಿಗೆ ಹಳೇ ಫೋನ್ ಬ್ಯಾಸರಾದ್ರ ನಮ್ಮ ಒಲಿ ಉರಿತೈತಿ," ಎಂದು ಇವರು ಊಟದ ತಾಟಿನ ಮುಂದೆ ಕೂತು ಹೇಳುತ್ತಿದ್ದರು. "ಊರ ಮಂದಿಗೆ ಬ್ಯಾಸರ ಹಚ್ಚಾಕ ನಾ ಅಲ್ಲಿ ಕುಂತೇನಿ, ನನ್ನ ಮನ್ಯಾಗ ಬ್ಯಾಸರಾ ಆಗದಾಕಿ ಒಬ್ಬಾಕಿ ಕುಂತಾಳ." ಅಂಗಡಿ ಉಳಿಯಬೇಕೋ, ನನ್ನ ಫೋನು ಉಳಿಯಬೇಕೋ. ನಮ್ಮ ಮನೆಯಲ್ಲಿ ಎರಡು ವರ್ಷ ನಡೆದದ್ದು ಇದೊಂದೇ ಖಟ್ಲೆ.

ಡಬ್ಬಿ ಒಯ್ದದ್ದು

ಒಂದು ರವಿವಾರ ಮಧ್ಯಾಹ್ನ ಇವರಿಗೆ ಊಟದ ಡಬ್ಬಿ ಒಯ್ದಿದ್ದೆ. ಕನ್ನೊಳ್ಳಿಯಿಂದ ಬಂದ ಗಿರಾಕಿಯೊಬ್ಬರು ಕೌಂಟರಿನ ಮುಂದೆ ನಿಂತಿದ್ದರು. ಇವರು ಅವರಿಗೆ ಒಂದು ತಾಸಿನಿಂದ ಹೊಸ ಫೋನಿನ ಮಹಿಮೆ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದರು. ಗಿರಾಕಿ ಇನ್ನೇನು ಹೂಂ ಅನ್ನುವ ಹಂತ. ಡಬ್ಬಿ ಇಡಲು ಹೋದೆ, ನನ್ನ ಫೋನು ರಿಂಗಾಯಿತು. ಕಾಲೇಜಿನದು, ಎತ್ತಿ ಮಾತಾಡಿ ಇಟ್ಟೆ. ಅಷ್ಟೇ ನಾನು ಮಾಡಿದ ತಪ್ಪು.

"ಅಕ್ಕೋರ, ಇದು ಎಷ್ಟ ವರ್ಷದ್ದರಿ?" ಎಂದರು ಗಿರಾಕಿ.

ಇವರು ನನ್ನ ಕಡೆ ಕಣ್ಣು ಬಿಟ್ಟರು. ಆದರೆ ನಾನು ಪಾಠ ಹೇಳುವವಳು, ಕೇಳಿದ ಪ್ರಶ್ನೆಗೆ ಉತ್ತರ ಹೇಳಿಯೇ ರೂಢಿ.

"ಏಳ ವರ್ಷದ್ದರಿ."

"ರಿಪೇರಿ?"

"ಒಮ್ಮೆ ಬ್ಯಾಟರಿ ಹಾಕ್ಸೇನಿ."

"ಯಾರ ಕಡೆ?"

"ಇವರ ಕಡೇನ."

ಗಿರಾಕಿ ಕೈಯಲ್ಲಿದ್ದ ಹೊಸ ಡಬ್ಬವನ್ನು ಹಗೂರಕ್ಕೆ ಕೌಂಟರಿನ ಮೇಲಿಟ್ಟು, ಕಿಸೆಯಿಂದ ತಮ್ಮ ಹಳೇ ಫೋನು ತೆಗೆದು ಅದರ ಪಕ್ಕಕ್ಕೆ ಇಟ್ಟರು. "ಸಾವಕಾರ್ರ, ನಿಮ್ಮ ಮನ್ಯಾಗ ನಡ್ಯಾಕತ್ತಿದ್ದು ನಮಗೂ ನಡೀತೈತಿ. ಇದಕ್ಕ ಒಂದು ಬ್ಯಾಟರಿ ಹಾಕಿ ಕೊಡ್ರಿ."

ಅಂದು ಇವರು ಡಬ್ಬಿ ಬಿಚ್ಚಲಿಲ್ಲ. ಸಂಜೆ ಮನೆಗೆ ಬಂದವರೇ ಕಾನೂನು ಮಾಡಿದರು. "ಅಂಗಡಿಗೆ ಬರೂದಾದ್ರ ಆ ಫೋನ್ ಮನ್ಯಾಗ ಇಟ್ಟು ಬಾ."

ಮುಂದಿನ ರವಿವಾರ ಹಾಗೇ ಮಾಡಿದೆ. ಡಬ್ಬಿ ಒಂದೇ ಒಯ್ದೆ. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ಅವರಲ್ಲಿ ಒಬ್ಬ ಹೆಣ್ಣುಮಗಳು ನನ್ನ ಕಾಲೇಜಿನ ಹುಡುಗಿಯೊಬ್ಬಳ ತಾಯಿ, ಬಹಳ ಗೌರವದಿಂದ, "ಅಕ್ಕೋರ, ನಿಮ್ಮ ನಂಬರ ಹೇಳ್ರಿ, ಒಂದು ರಿಂಗ್ ಕೊಡ್ತೇನಿ," ಎಂದಳು.

"ಫೋನ್ ತಂದಿಲ್ಲರಿ."

"ಯಾಕ್ರಿ?"

ನಾನು ಇವರ ಮುಖ ನೋಡಿದೆ. ಇವರು ಮೇಲೆ ತಿರುಗುವ ಫ್ಯಾನು ನೋಡಿದರು. ಆ ಹೆಣ್ಣುಮಗಳು ಜೊತೆಯಲ್ಲಿದ್ದ ಗಂಡನ ತೋಳು ಹಿಡಿದು ಹೊರಗೆ ಕರೆದೊಯ್ದಳು. ಮೆಟ್ಟಿಲು ಇಳಿಯುತ್ತ ಆಡಿದ ಮಾತು ಮಾತ್ರ ನಮ್ಮಿಬ್ಬರಿಗೂ ಚೆನ್ನಾಗಿ ಕೇಳಿಸಿತು.

"ತಮ್ಮ ಹೆಂಡ್ತಿಗೇ ಒಂದ್ ಫೋನ್ ಕೊಡಸಿಲ್ಲ, ನಮಗ ಎಂಥಾದ್ದ ಕೊಡ್ತಾರಿವ್ರು?"

ಹಣೆ ತೊಳೆದದ್ದು ಯಾರು

ಕಾಲೇಜಿನಲ್ಲಿ ನನ್ನ ಫೋನಿಗೆ ಮ್ಯೂಸಿಯಂ ಎಂದು ಹೆಸರು. "ಅಗತ್ಯ" ಮತ್ತು "ಬಯಕೆ" ಇವುಗಳ ವ್ಯತ್ಯಾಸ ಕಲಿಸುವ ದಿನ ಹಿಂದಿನ ಬೆಂಚಿನಿಂದ ಕಿಸಿಕಿಸಿ ನಗೆ ಏಳುತ್ತದೆ. ಸ್ಟಾಫ್ ರೂಮಿನಲ್ಲಿ ಹೊಸಬರು ತಮ್ಮ ಫೋನುಗಳನ್ನು ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ. ಒಂದೊಂದರ ಬೆನ್ನಿಗೂ ಮೂರು, ನಾಲ್ಕು ಕಣ್ಣು. ನನ್ನದಕ್ಕೆ ಎರಡೇ.

ನಮ್ಮ ಕನ್ನಡದ ಹಿರಿಯ ಉಪನ್ಯಾಸಕರು ನಿವೃತ್ತರಾಗುವವರಿದ್ದರು. ಮುದ್ದೇಬಿಹಾಳದವರು. ಅವರ ಊರಿನ ಅಭಿಮಾನಿಗಳು ಅಲ್ಲಿನ ಬಸ್ ಸ್ಟ್ಯಾಂಡಿನ ಎದುರಿಗೆ ಫ್ಲೆಕ್ಸ್ ಹಾಕಿಸುವುದಾಗಿ ಹೇಳಿ, ಒಂದು ಛಲೋ ಫೋಟೊ ಕಳಿಸಿ ಎಂದಿದ್ದರು. ಸರ್ ಇಸ್ತ್ರಿ ಮಾಡಿದ ಅಂಗಿ, ಹೆಗಲ ಮೇಲೆ ಶಾಲು, ಹಣೆಯ ಮೇಲೆ ಮೂರು ಗೆರೆ ಇಬತ್ತಿ ಧರಿಸಿಕೊಂಡು ಬೇವಿನ ಗಿಡದ ಕೆಳಗೆ ನಿಂತರು. ಹೊಸ ಫೋನಿನವರು ನಾಲ್ಕು ಜನ ಮುಗಿಬಿದ್ದು ತೆಗೆದರು. ಸರ್ ಕನ್ನಡಕ ಏರಿಸಿ ಒಂದೊಂದೇ ನೋಡಿದರು. ಮುಖ ಸಣ್ಣದಾಯಿತು.

"ಇವ ಯಾರು?"

"ನೀವರೀ ಸರ್. ಹತ್ತು ವರ್ಷ ಸಣ್ಣವರಾಗಿ ಕಾಣಾಕತ್ತೀರಿ."

"ಅದಿರ್ಲಿ. ನನ್ನ ಹಣಿ ತೊಳದವರು ಯಾರು?"

ನೋಡಿದರೆ ಹೌದು. ಆ ಹೊಸ ಫೋನುಗಳಿಗೆ ಮುಖದ ಮೇಲೆ ಗೆರೆ ಕಂಡರೆ ಆಗದು. ಸರ್ ಹಣೆಯ ಮೇಲಿನ ಇಬತ್ತಿಯನ್ನೂ ಮುಪ್ಪಿನ ಗೆರೆ ಎಂದು ತಿಳಿದು ಮೂರನ್ನೂ ನೀಟಾಗಿ ಅಳಿಸಿಬಿಟ್ಟಿದ್ದವು. ನಾಲ್ಕು ಫೋನು, ನಾಲ್ಕು ಬೋಳು ಹಣೆ.

"ಮೂವತ್ತು ವರ್ಷ ನೌಕ್ರಿ ಮಾಡೇನಿ, ಒಂದ ದಿವಸ ಬರಿ ಹಣೀಲೆ ಹಾಜರಿ ಹಾಕಿಲ್ಲ," ಎಂದರು ಸರ್. "ಈಗ ರಿಟೈರ್ ಆಗೋ ಮುಂದ ಮುದ್ದೇಬಿಹಾಳ ಬಸ್ ಸ್ಟ್ಯಾಂಡಿನ್ಯಾಗ ಹಿಂಗ ನಿಂತರ, ಧರ್ಮ ಬಿಟ್ಟ ಅಂತಾರ ಮಂದಿ."

ಆಗ ಎಲ್ಲರಿಗೂ ಮ್ಯೂಸಿಯಂ ನೆನಪಾಯಿತು. ನಾನು ತೆಗೆದೆ. ಇಬತ್ತಿ ಮೂರೂ ಗೆರೆ ಎದ್ದು ಬಂದವು. ಅದರ ಜೊತೆಗೆ ಕಿವಿಯೊಳಗಿನ ಕೂದಲು, ಎಡಗೆನ್ನೆಯ ಸುಕ್ಕು, ಬೆಳಿಗ್ಗೆ ತಿಂದ ಅವಲಕ್ಕಿಯ ಒಂದು ಅಗಳು ಮೀಸೆಯಲ್ಲಿ ಕೂತದ್ದು, ಎಲ್ಲ ಬಂತು. ಸರ್ ಅವಲಕ್ಕಿ ಒರೆಸಿಕೊಂಡು ಮತ್ತೊಮ್ಮೆ ತೆಗೆಸಿಕೊಂಡರು. ಫ್ಲೆಕ್ಸ್ ಎದ್ದಿತು. ಕಾಲೇಜಿನ ಬೀಳ್ಕೊಡುಗೆಯ ಭಾಷಣದಲ್ಲಿ ಸರ್ ಇಡೀ ಕಥೆ ಹೇಳಿ, "ಇಬತ್ತಿ ಉಳಿಸಿದ್ದು ನಮ್ಮ ಮೇಡಂ ಅವರ ಹಳೇ ಫೋನು," ಎಂದು ಮುಗಿಸಿದರು. ಚಪ್ಪಾಳೆ ಬಿದ್ದಿತು. ಸಭೆಯಲ್ಲಿ ಇಬತ್ತಿ ಹಚ್ಚಿದ ಹಿರಿಯರೇ ಹೆಚ್ಚಿಗಿದ್ದರೆಂಬುದು ನನ್ನ ಲಕ್ಷ್ಯಕ್ಕೆ ಬರಲಿಲ್ಲ.

ಮರುದಿನ ಇವರು ಅಂಗಡಿಯಿಂದ ಫೋನು ಮಾಡಿದರು. ದನಿ ಕೆಳಗಿತ್ತು.

"ಮುಂಜಾನೆಯಿಂದ ಐದು ಮಂದಿ ಮುದುಕ್ರು ಬಂದ್ರು. ಹೊಸಾದು ತೋರಿಸಿದ್ರ, ಇಬತ್ತಿ ಉಳಿಯೂದು ಐತೇನ್ರಿ ಅಂತ ಕೇಳಾಕತ್ತಾರ."

"ಮುಖ ಚಂದ ಮಾಡೋದನ್ನ ಬಂದ್ ಮಾಡಿದ್ರ ಉಳಿತೈತಿ ಅಂತ ಹೇಳಬೇಕಿಲ್ಲ?"

"ಹೇಳಿದೆ. 'ಮೊದಲ ಅಳಿಸೂ ಬುದ್ಧಿ ಅದಕ್ಕ ಯಾಕ ಬಂತು?' ಅಂದ್ರು."

ಜೋಳದ ಚೀಲ

ಇವರ ಅಕ್ಕ, ನನ್ನ ದೊಡ್ಡ ನಾದಿನಿ, ಬಸವನ ಬಾಗೇವಾಡಿಯಲ್ಲಿದ್ದಾರೆ. ಅವರ ಸೊಸೆಯ ಕುಬಸದ ಕಾರ್ಯಕ್ರಮಕ್ಕೆ ನಾನೊಬ್ಬಳೇ ಹೋಗಿದ್ದೆ. ಬಸುರಿಯ ಉಡಿ ತುಂಬಿ, ಹಾಡು ಹೇಳಿ, ಫೋಟೊ ತೆಗೆಯುವ ಹೊತ್ತು. ಹೆಣ್ಣುಮಕ್ಕಳೆಲ್ಲ ಫೋನು ಹೊರಗೆ ತೆಗೆದರು. ನಾನೂ ತೆಗೆದೆ. ಯಾರೂ ಏನೂ ಅನ್ನಲಿಲ್ಲ. ಅಲ್ಲಿಯೇ ನನಗೆ ಸಂಶಯ ಬರಬೇಕಿತ್ತು. ನಮ್ಮ ಕಡೆಯ ಹೆಣ್ಣುಮಕ್ಕಳು ಬಾಯಿ ಮುಚ್ಚಿದರೆಂದರೆ ಅದು ದುಃಖದ ವಿಷಯ.

ಊಟಕ್ಕೆ ಕೂತಾಗ ನನ್ನ ಎಲೆಗೆ ಹೋಳಿಗೆ ಎರಡರ ಬದಲು ನಾಲ್ಕು ಬಿದ್ದವು. ತುಪ್ಪ ಬಡಿಸುವಾಕೆ ನನ್ನ ಬೆನ್ನು ಸವರಿದಳು. "ದಿನಾ ಹಿಂಗ ಇರೂದಿಲ್ಲ ತಂಗಿ," ಎಂದಳು. ನನಗೆ ತಿಳಿಯಲಿಲ್ಲ, ಹೌದ್ರಿ ಎಂದೆ. ಆ ಒಂದು "ಹೌದ್ರಿ" ಸಾಕಾಯಿತು.

ಮೂರನೆಯ ದಿನ ಮುಂಜಾನೆ ಬಾಗಿಲು ತೆರೆದರೆ ನಾದಿನಿ ಅಟೋದಿಂದ ಇಳಿಯುತ್ತಿದ್ದರು. ಹಿಂದೆ ಅರ್ಧ ಚೀಲ ಬಿಳಿಜೋಳ, ಡಬ್ಬಿ ತುಂಬ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ, ಒಂದು ಗಂಟು ತೊಗರಿಬೇಳೆ. ಕಾಲು ತೊಳೆದು ಒಳಗೆ ಬಂದವರೇ ತಮ್ಮನ ಮುಂದೆ ಕೂತರು.

"ಏನಪಾ, ಧಂದೆ ಕೂತದ್ದು ನನಗ ಯಾಕ ಹೇಳಲಿಲ್ಲ?"

"ಯಾರ ಹೇಳಿದ್ರು ನಿನಗ?"

"ಯಾರ್ಯಾಕ ಹೇಳಬೇಕು? ಫೋನಿನ ಅಂಗಡಿ ಇಟ್ಕೊಂಡು ಹೆಂಡ್ತಿ ಕೈಯಾಗ ಹಳೇ ಫೋನ್ ಐತಿ ಅಂದ್ರ, ಬಟ್ಟಿ ಅಂಗಡಿಯವನ ಹೆಂಡ್ತಿ ತ್ಯಾಪಿ ಹಚ್ಚಿದ ಸೀರಿ ಉಟ್ಟಂಗ. ಮಂದಿಗೆ ತಿಳಿಯೂದಿಲ್ಲೇನು? ನಿನ್ನ ಹೆಂಡ್ತಿ ಪಾಪ, ಬಾಯಿ ಬಿಡಲಿಲ್ಲ. ತುಪ್ಪ ಬಡಿಸೂ ಮುಂದ ತಾನ ಒಪ್ಪಿಕೊಂಡ್ಲು."

ಇವರು ಇಲ್ಲ ಎಂದರು, ವ್ಯಾಪಾರ ಸ್ವಲ್ಪ ಮಂದ ಇದೆ ಅಷ್ಟೇ ಎಂದರು, ಆಣೆ ಮಾಡಿದರು. ಎಷ್ಟು ಇಲ್ಲ ಎಂದರೋ ಅಷ್ಟು ನಾದಿನಿಯ ಕಣ್ಣು ತುಂಬಿದವು. "ಮೊದಲಿಂದ ಹಿಂಗ ನೀ, ಎಷ್ಟ ಬಿದ್ರೂ ತೋರಿಸೂದಿಲ್ಲ," ಎಂದು ತಮ್ಮನ ತಲೆ ನೇವರಿಸಿದರು.

ಆ ಜೋಳ ಭಾಳ ಛಲೋ ಇತ್ತು. ರೊಟ್ಟಿ ಹೂವಿನಂತೆ ಬರುತ್ತಿದ್ದವು. ಇವರು ಪ್ರತಿ ರೊಟ್ಟಿಯನ್ನೂ ತಲೆ ತಗ್ಗಿಸಿ ತಿಂದರು. ಚೀಲ ಮುಗಿಯುತ್ತ ಬಂದಾಗ ನಾನು, "ಬಾಗೇವಾಡಿಗೆ ಮತ್ತೊಮ್ಮೆ ಫೋನ್ ತಗೊಂಡು ಹೋಗಿ ಬರ್ಲೇನ್ರಿ?" ಎಂದು ಕೇಳಿದೆ. ಇವರು ತಾಟಿನಲ್ಲಿದ್ದ ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದರು.

ಎಲ್ಲ ಉತ್ತರ ಸರಿ

ಬೈದು ಆಗದ್ದನ್ನು ಶಾಸ್ತ್ರೀಯವಾಗಿ ಮಾಡೋಣವೆಂದು ಇವರು ಒಂದು ಸಂಜೆ ಹಳೇ ಫೋನಿನ ಕಿಮ್ಮತ್ತು ಕಟ್ಟುವ ಆ್ಯಪ್ ತೆಗೆದು ನನ್ನ ಪಕ್ಕ ಕೂತರು. "ನೋಡು, ಎಷ್ಟ ಛಲೋ ಕಿಮ್ಮತ್ತ ಬರ್ತೈತಿ, ನೀನ ಕೊಡ್ತಿ." ಆ್ಯಪ್ ಒಂದೊಂದೇ ಪ್ರಶ್ನೆ ಕೇಳಿತು. ಗಾಜು ಒಡೆದಿದೆಯೇ? ಇಲ್ಲ. ಮೈಮೇಲೆ ನೆಗ್ಗು ಇದೆಯೇ? ಇಲ್ಲ. ಮಾತು ಕೇಳಿಸುತ್ತದೆಯೇ? ಹೌದು. ಕ್ಯಾಮೆರಾ? ಹೌದು, ಇಬತ್ತಿ ಸಮೇತ. ಮೂಲ ಡಬ್ಬ ಇದೆಯೇ? ಇದೆ. ಬಿಲ್ಲು? ಅದೂ ಇದೆ, ಇವರದೇ ಸಹಿ.

ಹನ್ನೆರಡು ಪ್ರಶ್ನೆ, ಹನ್ನೆರಡೂ ಸರಿ ಉತ್ತರ. ಕೊನೆಗೆ ಆ್ಯಪ್ ಸ್ವಲ್ಪ ಹೊತ್ತು ಚಕ್ರ ತಿರುಗಿಸಿ ಒಂದು ಅಂಕಿ ತೋರಿಸಿತು. ಕಳೆದ ತಿಂಗಳು ಇವರೇ ನನಗೆ ಮಾರಿದ ಹೊಸ ಕವರಿನ ಬೆಲೆಗಿಂತ ಅದು ಕಡಿಮೆ ಇತ್ತು.

ಎಲ್ಲ ಉತ್ತರ ಸರಿ ಬರೆದವರನ್ನು ನಪಾಸು ಮಾಡುವುದು ನಮ್ಮ ಕಾಲೇಜಿನಲ್ಲೂ ಇಲ್ಲ ಎಂದೆ. ಇವರು ಆ್ಯಪ್ ಮುಚ್ಚಿ, "ಕವರ್ ತಗದು ಇಡು, ಅದಕ್ಕರ ಗಿರಾಕಿ ಬರ್ತಾವು," ಎಂದು ಎದ್ದು ಹೋದರು.

ಟವೆಲಿನ ಕೆಳಗೆ

ಆದರೆ ಈ ಸಲದ ದೀಪಾವಳಿಗೆ ಮೊದಲು ಒಂದು ದಿನ ಇವರು ನಾಲ್ಕು ಗಂಟೆಗೇ ಮನೆಗೆ ಬಂದರು. ಯಾಕೆ ಎಂದು ಕೇಳಿದರೆ, "ಯಾರೂ ಬರಲಿಲ್ಲ, ಹಾಕ್ಕೊಂಡ ಬಂದೆ," ಎಂದರು. ಹಬ್ಬದ ಸೀಜನ್ನಿನಲ್ಲಿ ಶಟರ್ ಎಳೆದು ಬಂದ ಮನುಷ್ಯ. ನನ್ನ ಫೋನಿನ ಸುದ್ದಿ ತೆಗೆಯಲಿಲ್ಲ. ಸುಮ್ಮನೆ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿದರು, ತಿನ್ನಲೂ ಇಲ್ಲ, ಸುಲಿದು ಸುಲಿದು ತಾಟಿನಲ್ಲಿಟ್ಟರು. ಬೈದಿದ್ದರೆ ನಾನು ಫೋನು ಬಿಡುತ್ತಿರಲಿಲ್ಲ. ತಾಟು ತುಂಬಿದ ಮೇಲೆ ನಾನೇ ಹೇಳಿದೆ. "ಕೊಡ್ರಿ ಹೊಸಾದು. ಅಮಾಸಿ ದಿನ ಪೂಜಾದಾಗ ಎಲ್ಲಾರ ಮುಂದ ಕೊಡ್ರಿ, ಮಂದಿ ನೋಡ್ಲಿ."

ಇವರ ಮುಖ ಅರಳಿತು. ಒಂದು ರವಿವಾರ ಇಡೀ ದಿನ ಹಳೆಯದರಲ್ಲಿದ್ದುದನ್ನು ಹೊಸದಕ್ಕೆ ಸಾಗಿಸಿದರು. ಅಂಗಡಿಯ ಲಕ್ಷ್ಮಿ ಪೂಜೆಗೆ ಗುರುತಿನವರನ್ನೆಲ್ಲ ಕರೆದರು. ದೇವಿಯ ಮುಂದೆ ಹೊಸ ಫೋನುಗಳ ಡಬ್ಬಗಳನ್ನು ಗೋಪುರದಂತೆ ಒಟ್ಟಿ ಚೆಂಡು ಹೂವಿನ ಹಾರ ಹಾಕಿದರು. ಎಲ್ಲರೂ ನೋಡುತ್ತಿದ್ದಂತೆ ಹೊಸದು ನನ್ನ ಕೈಗೆ ಬಂತು, ಹಳೆಯದು ಹಿತ್ತಾಳೆಯ ತಾಟಿಗೆ ಹೋಯಿತು. ಪೇಢೆ ಹಂಚಿದರು. ಅಲ್ಲಿಗೆ ಖಟ್ಲೆ ಮುಗಿದಂತೆ ಕಂಡಿತು.

ಬಂದವರಲ್ಲಿ ತಾಂಬಾದ ಮುದುಕನೊಬ್ಬನಿದ್ದ. ಎತ್ತಿನ ವ್ಯಾಪಾರಿ. ಈ ಸುತ್ತಿನ ಯಾವ ದನದ ಸಂತೆಗೆ ಹೋದರೂ ಅವನನ್ನು ಅರಿಯದವರಿಲ್ಲ. ಅವನ ಗುಂಡಿ ಒತ್ತುವ ಫೋನು ಎತ್ತಿನ ನೀರಿನ ದೋಣಿಯಲ್ಲಿ ಬಿದ್ದು ಸತ್ತಿತ್ತು; ದೊಡ್ಡ ಫೋನು ತಗೊಳ್ಳಲು ಬಂದಿದ್ದ. ಇವರು ಹಾರ ಸರಿಸಿ ಒಂದು ಹೊಸ ಡಬ್ಬ ಕೊಟ್ಟರು.

"ಇದು ಕೆಲಸಕ್ಕ ಹೂಡಿದ್ದೇನು?"

"ಇಲ್ರಿ ಅಜ್ಜಾರ, ಸೀಲ್ ಸೈತ ಒಡದಿಲ್ಲ."

"ಅಂದ್ರ ಇನ್ನಾ ನೊಗಾ ಕಂಡಿಲ್ಲ." ಮುದುಕ ಅದನ್ನು ತಿರುಗಿ ಕೊಟ್ಟು ತಾಟಿನ ಕಡೆ ಬೆರಳು ಮಾಡಿದ. "ಅದು?"

"ಅದು ಮನೀದರಿ, ಹಳೇದು. ಏಳು ವರ್ಷ ನಡದೈತಿ."

"ಒಂದ ಮನ್ಯಾಗ? ಒಂದ ಕೈಯಾಗ? ಹಂಗಾರ ಅದನ್ನ ಮಾತಾಡೂಣು. ಬೆರಳಿಗೆ ಒಂದ ಸಾವಿರ," ಎಂದವನೇ ಹೆಗಲ ಮೇಲಿನ ಟವೆಲ್ ಜಾಡಿಸಿ ಇವರ ಬಲಗೈ ಮೇಲೆ ಹಾಕಿ, ಒಳಗೆ ತನ್ನ ಕೈ ತೂರಿಸಿದ.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿಯುತ್ತಾರೆ. ಎರಡು ಹಿಡಿದರೆ ಎರಡು, ಮೂರು ಹಿಡಿದರೆ ಮೂರು. ಸುತ್ತ ನಿಂತವರು ಮುಖ ನೋಡಿ ಅಂದಾಜು ಮಾಡಬೇಕು. ಇದು ನನಗೆ ಗೊತ್ತು, ನನ್ನ ತವರು ಒಕ್ಕಲುತನದ ಮನೆ. ಇವರು ಹುಟ್ಟಿದ್ದೇ ಅಂಗಡಿಯ ಗಲ್ಲೆಯ ಹಿಂದೆ. ಬೆರಳಿನ ಮಾತು ತಲೆಗೆ ಹೋಗದೆ, ಹಿರಿಯರು ಹಬ್ಬದ ದಿನ ಪ್ರೀತಿಯಿಂದ ಕೈ ಕುಲುಕುತ್ತಿದ್ದಾರೆ ಎಂದು ತಿಳಿದರು. ಮುದುಕ ಎರಡು ಬೆರಳು ಹಿಡಿದಿರಬೇಕು. ಇವರು ಗೌರವದಿಂದ ಅವನ ಇಡೀ ಪಂಜಾ ಹಿಡಿದರು.

ಮುದುಕನ ಹುಬ್ಬು ಮೇಲೇರಿತು. ಮತ್ತೊಮ್ಮೆ ಹಿಡಿದ. ಇವರು ನಗುತ್ತ ಮತ್ತೆ ಪಂಜಾ ಒತ್ತಿದರು. ಮೂರನೆಯ ಸಲ ಮುದುಕ ಬಹಳ ಹೊತ್ತು ಹಿಡಿದ, ಟವೆಲ್ ಅಲ್ಲಾಡಿತು. ಇವರು ಎಡಗೈಯನ್ನೂ ಮೇಲೆ ಇಟ್ಟು, "ನಿಮ್ಮಂಥಾ ಹಿರ್ಯಾರು ಬಂದದ್ದ ನಮಗ ದೊಡ್ಡದರಿ," ಎಂದು ಐದೂ ಬೆರಳು ಅಮುಕಿದರು.

ಮುದುಕ ಟವೆಲ್ ಎಳೆದು ಹೆಗಲಿಗೆ ಹಾಕಿಕೊಂಡ. "ಹಲ್ಲ ಕಿಸಗೋತ ಐದರ ಮ್ಯಾಲೆ ನಿಂತಾನ. ಆತು, ವ್ಯಾಪಾರ ಮುಗೀತು," ಎಂದು ಐದು ಸಾವಿರ ಎಣಿಸಿ ತಾಟಿಗೆ ಹಾಕಿದ. ಟವೆಲಿನ ಕೆಳಗಿನ ಮಾತಿಗೆ ಹಿಂದೆ ಸರಿಯುವುದಿಲ್ಲ. ನೋಡುತ್ತ ನಿಂತವರು, ಈ ಮುದುಕನನ್ನು ಸೋಲಿಸಿದವರನ್ನು ತಾವು ಕಂಡೇ ಇಲ್ಲ ಎಂದರು. ಇವರು ಪೆಚ್ಚು ಮೋರೆ ಮಾಡಿಕೊಂಡು, ಇಷ್ಟು ಕೊಟ್ಟ ಗಿರಾಕಿಗೆ ಏನಾದರೂ ಕಲಿಸಿ ಕಳಿಸಬೇಕೆಂದು ಮ್ಯಾಪ್ ತೆಗೆದು ತೋರಿಸಿದರು. "ಎಲ್ಲೇ ಇರ್ರಿ ಅಜ್ಜಾರ, ಇದನ್ನ ಒತ್ತಿ 'ಮನೆ' ಅನ್ರಿ. ದಾರಿ ತೋರಿಸ್ತೈತಿ."

ಅಂದು ಹೊಸ ಫೋನು ಒಂದೂ ಹೋಗಲಿಲ್ಲ. ಉಳಿದ ಗಿರಾಕಿಗಳೂ ಪೇಢೆ ತಿಂದು, "ಪಳಗಿದ್ದು ಇನ್ನೊಂದ ಐತೇನ್ರಿ?" ಎಂದು ಕೇಳಿ ಹೋದರು. ನನ್ನ ಫೋನೂ ಹೋಯಿತು, ಅಂಗಡಿಯೂ ಏಳಲಿಲ್ಲ.

ಎಂಟು ದಿನದ ಮೇಲೆ ಮಧ್ಯಾಹ್ನ ನಮ್ಮ ಗೇಟಿನ ಮುಂದೆ ಒಂದು ಟೆಂಪೊ ನಿಂತಿತು. ಹಿಂದೆ ನಾಲ್ಕು ಎತ್ತು, ಮುಂದೆ ಹೊಸ ಡ್ರೈವರು, ಅವನ ಪಕ್ಕ ನಿದ್ದೆಯಿಂದ ಎದ್ದು ಕಣ್ಣು ಉಜ್ಜಿಕೊಳ್ಳುತ್ತಿದ್ದ ಮುದುಕ. ಮುದ್ದೇಬಿಹಾಳದ ಸಂತೆಯಿಂದ ತಾಂಬಾಕ್ಕೆ ಹೊರಟವರು ಫೋನು ತೋರಿಸಿದ ದಾರಿ ಹಿಡಿದು ನಮ್ಮ ಮನೆಗೆ ಬಂದಿದ್ದರು. ನನಗೆ ಕೂಡಲೇ ಹೊಳೆಯಿತು. ಇವರು ಫೋಟೊ ಅಳಿಸಿದ್ದರು, ಸಿಮ್ ತೆಗೆದಿದ್ದರು. ಮ್ಯಾಪಿನಲ್ಲಿ "ಮನೆ" ಎಂದು ನಾನು ಹಾಕಿಟ್ಟ ನಮ್ಮ ವಿಳಾಸ ಹಾಗೇ ಕೂತಿತ್ತು. ಎಲ್ಲ ಗಿರಾಕಿಗಳಿಗೂ ಹಳೇ ಫೋನು ಪೂರ್ತಿ ಖಾಲಿ ಮಾಡಿ ಕೊಡಿ ಎಂದು ಹೇಳುವ ಮನುಷ್ಯ ಮನೆಯದನ್ನೇ ಮರೆತಿದ್ದರು.

ಹೇಳಲು ಬಾಯಿ ತೆರೆದೆ. ಮುದುಕ ಕೈ ಎತ್ತಿದ. "ಇರ್ಲಿ ಅಕ್ಕೋರ. ಮಾರಿದ ಎತ್ತು ಒಂದೆರಡ ಸಲ ಹಳೇ ಧಣಿ ಮನಿಗೆ ಬರೂದ. ಕಟ್ಟಿ ಹಾಕಿದ್ರ ಹೊಂದಿಕೋತೈತಿ." ಎತ್ತುಗಳಿಗೆ ನೀರು ಕುಡಿಸಿಕೊಂಡು ಹೋದ.

ನಾಲ್ಕು ದಿನಕ್ಕೆ ಬಸವನ ಬಾಗೇವಾಡಿ ಕಡೆಯಿಂದ ಮತ್ತೆ ಬಂದ. ಚಹಾ ಕುಡಿದು ಹೋದ. ಮೂರನೆಯ ಸಲ ಸಂತೆಯ ದಿನ ಬಂದ. ಇವರು ಇನ್ನೂ ಅಂಗಡಿಗೆ ಹೊರಟಿರಲಿಲ್ಲ. ಮುದುಕ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದ.

"ಇವತ್ತ ಇಂಡಿಯಿಂದ ಪರೀಕ್ಷಾ ಮಾಡಕೋತ ಬಂದೆ. ನಮ್ಮೂರ ಅಗಸಿ ಬಾಗಲ ಮುಂದ ಹಾದು ಬಂತು ನೋಡ್ರಿ, ತಿರಗಿ ಸೈತ ನೋಡಲಿಲ್ಲ. ಇದರ ಜೀವಾ ನಿಮ್ಮ ಮ್ಯಾಲೆ ಐತಿ. ಇಂಥಾದ್ದನ್ನ ಇಟಗೊಂಡ್ರ ನನಗ ಪಾಪ ಬರ್ತೈತಿ. ತಗೋರಿ. ಬ್ಯಾರೆ ಕೊಡ್ರಿ."

ವಿಳಾಸ ಬದಲಿಸಲು ಅರ್ಧ ನಿಮಿಷ ಸಾಕು. ಇವರು ಅದನ್ನೇ ಹೇಳಲು, "ಅಜ್ಜಾರ, ಅದು ಹಂಗಲ್ಲರಿ..." ಎಂದು ಶುರು ಮಾಡಿದರು. ಆಗಲೇ ನಾನು ಫೋನನ್ನು ಸೆರಗಿನಲ್ಲಿ ಒರೆಸುತ್ತಿದ್ದುದನ್ನು ನೋಡಿದರು. ಮಾತು ತಿರುಗಿಸಿ, "ಹಂಗಲ್ಲರಿ, ಹೊಸಾದು ಕೊಡ್ತೇನಿ. ಇವಳ ಕೈಯಾಗಿನ ಹೊಸಾದನ್ನ ಒಯ್ರಿ ಬೇಕಾದ್ರ," ಎಂದರು.

"ಅದು ಬ್ಯಾಡ. ಅದೂ ಈ ಮನಿ ಅನ್ನ ಉಂಡೈತಿ."

"ಅಂಗಡಿಯಿಂದ ಸೀಲ್ ಇದ್ದದ್ದ ತರಸ್ತೇನಿ, ಕೂಡ್ರಿ."

"ತರಸಬ್ಯಾಡ್ರಿ. ಮನಿ ತೋರಿಸಿದ್ರ ಮತ್ತ ಅದ ಹಾಡು. ನಾನ ಅಂಗಡಿಗೆ ಬರ್ತೇನಿ."

ಅಂಗಡಿಗೆ ಹೋದೆವು. ಸಂತೆಯ ಮಂದಿ ಮುದುಕನನ್ನು ಕಂಡು ಸುತ್ತ ನೆರೆದರು. ಅವನು ತನ್ನೂರ ಅಗಸಿ ದಾಟಿ ಧಣಿಯ ಮನೆಗೆ ಬಂದ ಫೋನಿನ ಕಥೆಯನ್ನು ಮೂರು ಸಲ ಹೇಳಿದ. ಎಲ್ಲರೂ ಈ ಅಂಗಡಿಯ ಮಾಲು ನಂಬಿಗಸ್ತ ಎಂದು ತಲೆದೂಗಿದರು. ಮುದುಕ ಮೇಲಿನ ಅಂಕಣದ್ದನ್ನೇ ಆರಿಸಿದ. ಈ ಸಲ ಇವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಾಯಿಂದಲೇ ಬೆಲೆ ಹೇಳಿದರು. ಮುದುಕ ಹಿಂದಿನ ಐದು ಸಾವಿರ ಕಳೆದು ಉಳಿದ ರೊಕ್ಕ ಕೊಟ್ಟು, ಫೋನನ್ನು ಕಿಸೆಗೆ ಹಾಕದೆ, ಹೆಗಲ ಮೇಲಿನ ಟವೆಲ್ ತೆಗೆದು ಅದರ ಮುಖ ಪೂರ್ತಿ ಮುಚ್ಚುವಂತೆ ಮೂರು ಸುತ್ತು ಸುತ್ತಿ ಕಂಕುಳಲ್ಲಿ ಅವಚಿಕೊಂಡ.

"ಯಾಕ್ರಿ ಅಜ್ಜಾರ?" ಎಂದರು ಇವರು.

"ಊರ ದಾಟೂ ತನಕ ಬಿಚ್ಚೂದಿಲ್ಲ. ಇದಾದ್ರೂ ತಿರಗಿ ಬರೂ ದಾರಿ ನೋಡದಿರ್ಲಿ."

ಸುತ್ತ ನಿಂತವರಿಗೆ ಆ ಮಾತು ಖರೆ ಅನ್ನಿಸಿತು. ಅಂದು ನಮ್ಮ ಅಂಗಡಿಯಿಂದ ಐದು ಹೊಸ ಫೋನು ಹೋದವು. ಐದೂ ಮುಖ ಮುಚ್ಚಿಕೊಂಡೇ ಸಿಂದಗಿ ಬಿಟ್ಟವು.